ಹಬ್ಬದ ಹಿಸ್ಟರಿ – ಭಾಗ 6: 55ಕ್ಕೇ ಅಜ್ಜ-ಅಜ್ಜಿ!

ಜಪಾನಿನಲ್ಲಿ ಸೆಪ್ಟೆಂಬರ್ ಮೂರನೇ ಸೋಮವಾರ ಇಡೀ ದೇಶಕ್ಕೆ ರಜೆ. ದೇವರ ಹಬ್ಬ ಅಲ್ಲ, ಯಾವ ನಾಯಕನ ಜಯಂತಿನೂ ಅಲ್ಲ. ವಯಸ್ಸಾದವರಿಗೆ ಗೌರವ ಕೊಡೋ ದಿನ, ‘ಕೆಯಿರೋ ನೋ ಹಿ’. ಇದರ ಬೇರು ಇರೋದು ಟೋಕಿಯೋದಲ್ಲಲ್ಲ, ಹ್ಯೋಗೊ ಪ್ರಾಂತ್ಯದ ನೊಮಾದನಿ ಅನ್ನೋ ಹಳ್ಳಿಯಲ್ಲಿ.

1947. ಜಪಾನ್ ಯುದ್ಧ ಸೋತು ಎರಡು ವರ್ಷ ಆಗಿತ್ತು. ಮಕ್ಕಳನ್ನು ಯುದ್ಧಕ್ಕೆ ಕಳಿಸಿದ್ದ ತಂದೆ-ತಾಯಂದಿರು ಊರಲ್ಲಿ ಬಹಳ ಜನ ಇದ್ದರು. ಅವರಿಗಾಗಿ ಏನಾದ್ರೂ ಮಾಡಬೇಕು ಅಂತ ಹಳ್ಳಿಯ ಮುಖ್ಯಸ್ಥ ಮಸಾವೊ ಕಡೊವಾಕಿ ಅವರಿಗೆ ಅನ್ನಿಸಿತು. ಗದ್ದೆ ಕೆಲಸ ಕಡಿಮೆ ಇರೋ, ಹವೆನೂ ಹಿತವಾಗಿರೋ ಸೆಪ್ಟೆಂಬರ್ 15ನ್ನು ಆರಿಸಿ, 55 ದಾಟಿದವರನ್ನೆಲ್ಲ ಕರೆದು ಊಟ ಹಾಕಿಸಿದರು, ಮನರಂಜನೆ ಇಟ್ಟರು.

55 ಅಂದ್ರೆ ನಮ್ಮಲ್ಲಿ ಎಷ್ಟೋ ಜನರ ಅಪ್ಪನ ವಯಸ್ಸು! ಆದ್ರೆ ಆಗ ಜಪಾನಿನಲ್ಲಿ ಗಂಡಸರ ಸರಾಸರಿ ಆಯಸ್ಸು ಸುಮಾರು 50, ಹೆಂಗಸರದ್ದು 54. 55 ಮುಟ್ಟೋದೇ ದೊಡ್ಡ ವಿಷಯ.

ಆ ಊರಿನ ಯೋಚನೆ ಊಟಕ್ಕೇ ಮುಗಿಯಲಿಲ್ಲ. ಹಿರಿಯರನ್ನು ಚೆನ್ನಾಗಿ ನೋಡ್ಕೊಳ್ಳೋಣ, ಅವರ ತಿಳುವಳಿಕೆ ಕೇಳಿ ಊರು ಕಟ್ಟೋಣ ಅನ್ನೋದು ಅವರ ಉದ್ದೇಶ. 1950ರಲ್ಲಿ ಇಡೀ ಪ್ರಾಂತ್ಯ ಇದನ್ನು ಆಚರಿಸಿತು. 1966ರಲ್ಲಿ ರಾಷ್ಟ್ರೀಯ ರಜೆ ಆಯ್ತು. 2003ರಲ್ಲಿ ವಾರಾಂತ್ಯದ ಜೊತೆ ಮೂರು ದಿನ ರಜೆ ಸಿಗಲಿ ಅಂತ ಸೋಮವಾರಕ್ಕೆ ಬಂತು.

ಈಗ ನಮ್ಮ ಬಿಕಾಂ ಲೆಕ್ಕ. 1963ರಲ್ಲಿ ಸರ್ಕಾರ 100 ತುಂಬಿದವರಿಗೆ ಬೆಳ್ಳಿ ಬಟ್ಟಲು ಕೊಡೋಕೆ ಶುರು ಮಾಡಿತು. ಆಗ ದೇಶದಲ್ಲಿ ಅಂಥವರು ಬರೀ 153 ಜನ. 2015ರಲ್ಲಿ ಬಟ್ಟಲು ಪಡೆದವರು 30 ಸಾವಿರ ದಾಟಿದರು! ಖರ್ಚು ತಡೆಯೋಕಾಗದೆ 2016ರಿಂದ ಬೆಳ್ಳಿ ಲೇಪದ ಬಟ್ಟಲು ಬಂತು.

ಜನ ಹೆಚ್ಚಾದಂತೆ ಉಡುಗೊರೆಯ ಬಜೆಟ್ ಕಟ್ ಆಗುತ್ತೆ, ಅದು ಸಹಜ. ಆದ್ರೆ ನೊಮಾದನಿಯವರು ಹೇಳಿದ ಎರಡನೇ ಮಾತಿಗೆ ಒಂದು ರೂಪಾಯಿನೂ ಖರ್ಚಿಲ್ಲ. ನಾವು ಅಜ್ಜಿ ಹುಟ್ಟುಹಬ್ಬಕ್ಕೆ ಕೇಕ್ ತರ್ತೀವಿ, ಸ್ಟೇಟಸ್ ಹಾಕ್ತೀವಿ, ಕಾಲಿಗೆ ಬಿದ್ದು ಆಶೀರ್ವಾದ ತಗೊಳ್ತೀವಿ. ಮನೆಯಲ್ಲಿ ಏನಾದ್ರೂ ತೀರ್ಮಾನ ಆಗೋವಾಗ ‘ನೀವೇನಂತೀರಾ ಅಜ್ಜಿ?’ ಅಂತ ಕೇಳ್ತೀವಾ?

ಈ ವಾರ ಒಂದು ಸಲ ಕೇಳಿ ನೋಡಿ. ಏನು ಹೇಳಿದ್ರು ಅಂತ ಕಮೆಂಟಲ್ಲಿ ಬರೀರಿ, ಎಲ್ಲಾನೂ ಓದ್ತೀನಿ.

#ಹಬ್ಬದಹಿಸ್ಟರಿ #ಅಜ್ಜಅಜ್ಜಿ