ಕಡಿಯದೆ ಬಿಟ್ಟ ಮರಗಳ ದ್ವೀಪ

ಯಕುಶಿಮಾಕ್ಕೆ ಹೋಗಬೇಕೆಂದಿರುವವರು ಟಿಕೆಟ್ ತೆಗೆಸುವ ಮೊದಲು ಹಿರಾಗಿಯ ಕಥೆ ಕೇಳಬೇಕು. ಹಿರಾಗಿ ಎಂದರೆ ಮನೆಯ ಮಾಡಿಗೆ ಹೊದಿಸುವ ಮರದ ತೆಳು ಸೀಳು. ಉದ್ದ ಒಂದು ಮೊಳದಷ್ಟು, ಅಗಲ ನಾಲ್ಕು ಬೆರಳಿಗಿಂತ ತುಸು ಹೆಚ್ಚು. ಒಂದರ ಮೇಲೊಂದು ಬರುವಂತೆ ಸಾಲಾಗಿ ಹೊದಿಸಿದರೆ ಎಂಥ ಮಳೆಗೂ ಮನೆ ಸೋರುವುದಿಲ್ಲ. ಜಪಾನಿನ ಕ್ಯೂಶೂವಿನ ದಕ್ಷಿಣಕ್ಕಿರುವ ಈ ದ್ವೀಪದ ಜನ ತಲೆಮಾರುಗಳ ಕಾಲ ತಮ್ಮ ದೊರೆಗೆ ಕಂದಾಯ ಕಟ್ಟಿದ್ದು ಅಕ್ಕಿಯಲ್ಲಲ್ಲ, ಈ ಸೀಳುಗಳಲ್ಲಿ. ಇವತ್ತು ಅಲ್ಲಿ ಯಾವ ಮರ ನಿಂತಿದೆ, ಯಾವುದು ಬರೀ ಬುಡವಾಗಿ ಉಳಿದಿದೆ, ಕಾಡಿನೊಳಗಿನ ದಾರಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಇದನ್ನೆಲ್ಲ ತೀರ್ಮಾನಿಸಿದ್ದು ಆ ಕಂದಾಯ.

ಈ ಮಾತು ಈಗ ಬಂದದ್ದು ನಮ್ಮ ಬಾವನಿಂದಾಗಿ. ಅವರ ಮಗಳು ಫುಕುಓಕಾದಲ್ಲಿ ಕೆಲಸದಲ್ಲಿದ್ದಾಳೆ. ಬರುವ ಬೇಸಿಗೆಯಲ್ಲಿ ಅಕ್ಕನನ್ನು ಕರೆದುಕೊಂಡು ಅಲ್ಲಿಗೆ ಹೋಗಿ, ಯಕುಶಿಮಾವನ್ನೂ ನೋಡಿ ಬರುವುದೆಂದು ನಿಶ್ಚಯಿಸಿದ್ದಾರೆ. ನಾನು ಮೊದಲೇ ನೋಡಿ ಬಂದವನಾದ್ದರಿಂದ ದಾರಿ ಹೇಳುವ ಕೆಲಸ ನನ್ನದಾಯಿತು. "ಅಲ್ಲಿ ಮನುಷ್ಯ ಕೈಯಿಡದ ಕಾಡು ಇದೆಯಂತಲ್ಲ ಮಾರಾಯ, ಅದನ್ನೊಂದು ತೋರಿಸುವ ಹಾಗೆ ಬರೆದುಕೊಡು" ಎಂದರು. ನಾನು ಅರಣ್ಯ ಇಲಾಖೆಯ ನಾಟಾ ಡಿಪೋಗಳಲ್ಲಿ ಮರ ಅಳೆದು, ಮುದ್ರೆ ಒತ್ತಿಸಿ ನಿವೃತ್ತನಾದವನು. ಕಾಡಿಗೆ ಹೋದರೆ ನನ್ನ ಕಣ್ಣು ಮೊದಲು ಹುಡುಕುವುದು ಬುಡಗಳನ್ನು. ಯಕುಶಿಮಾದಲ್ಲಿ ಬುಡಗಳಿಗೆ ಲೆಕ್ಕವೇ ಇಲ್ಲ. ಕೈಯಿಡದ ಕಾಡು ಎಂಬ ಮಾತು ಅಲ್ಲಿ ತಲೆಮಾರುಗಟ್ಟಲೆ ದುಡಿದ ಜನರನ್ನು ಕಾಣದಂತೆ ಮಾಡಿಬಿಡುತ್ತದೆ. ಅದು ನನಗೆ ಒಪ್ಪಿಗೆಯಿಲ್ಲ. ಹಾಗಾಗಿ ಬಾವನಿಗೆ ಬರೆಯುವುದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಕ್ಯೂಶೂವಿನ ತುದಿಯಿಂದ ಸುಮಾರು 60 ಕಿ.ಮೀ. ದೂರದಲ್ಲಿ, 500 ಚದರ ಕಿ.ಮೀ.ಗಿಂತ ತುಸು ಹೆಚ್ಚು ವಿಸ್ತೀರ್ಣದ, ಬಹುಮಟ್ಟಿಗೆ ದುಂಡಗಿನ ದ್ವೀಪ ಇದು. ನಟ್ಟನಡುವೆ ಮಿಯಾನೌರಾ ಶಿಖರ, 1,936 ಮೀಟರ್. ಇಡೀ ಕ್ಯೂಶೂ ಸೀಮೆಯಲ್ಲಿ ಅದಕ್ಕಿಂತ ಎತ್ತರದ್ದಿಲ್ಲ. ಸಮುದ್ರದ ಮೇಲಿಂದ ಬಂದ ಗಾಳಿ ಈ ಬೆಟ್ಟಕ್ಕೆ ಅಪ್ಪಳಿಸಿ ಮೇಲೇರಿ ಮಳೆ ಸುರಿಸುತ್ತದೆ. ಒಳನಾಡಿನ ಬೆಟ್ಟಗಳಲ್ಲಿ ವರ್ಷಕ್ಕೆ 8,000 ಮಿ.ಮೀ. ದಾಟುತ್ತದೆ, ನಮ್ಮ ಆಗುಂಬೆಯನ್ನೂ ಮೀರಿಸುವಷ್ಟು. ಕೆಳಗಿರುವುದೆಲ್ಲ ಗ್ರಾನೈಟ್ ಬಂಡೆ. ಮಣ್ಣು ತೆಳು, ಸಾರ ಕಡಿಮೆ. ಇಲ್ಲಿ ಬೆಳೆಯುವ ಸುಗಿ, ಅಂದರೆ ಜಪಾನಿನ ಸೀಡರ್, ತೀರಾ ನಿಧಾನವಾಗಿ ದಪ್ಪವಾಗುತ್ತದೆ. ವರ್ಷದ ಉಂಗುರಗಳು ಒತ್ತೊತ್ತಾಗಿ ಕೂರುತ್ತವೆ, ಚೇಗಿನಲ್ಲಿ ರಾಳ ತುಂಬುತ್ತದೆ. ಹುಳ ಹಿಡಿಯುವುದಿಲ್ಲ, ಬೇಗ ಕೊಳೆಯುವುದಿಲ್ಲ. ಸಾವಿರ ವರ್ಷ ದಾಟಿದ ಮರವನ್ನು ಮಾತ್ರ ಅಲ್ಲಿಯವರು ಯಕುಸುಗಿ ಎನ್ನುತ್ತಾರೆ. ಅದಕ್ಕಿಂತ ಕಿರಿಯದೆಲ್ಲ ಕೊಸುಗಿ. ಏಳೆಂಟು ನೂರು ವರ್ಷದ ಮರವೂ ಅವರ ಲೆಕ್ಕದಲ್ಲಿ ಇನ್ನೂ ಚಿಕ್ಕದು.

ಒಳಬೆಟ್ಟ ದೇವರದ್ದು, ಅಲ್ಲಿಯ ಮರ ದೇವರ ಮರ ಎಂದು ದ್ವೀಪದವರು ನಂಬಿದ್ದರು. 16ನೇ ಶತಮಾನದ ಕೊನೆಯಲ್ಲಿ ಜಪಾನನ್ನು ಆಳುತ್ತಿದ್ದ ತೊಯೊತೊಮಿ ಹಿದೆಯೋಶಿ ಕ್ಯೋಟೋದಲ್ಲಿ ಹೋಕೋಜಿಯ ಮಹಾಬುದ್ಧನ ಮಂದಿರ ಕಟ್ಟಿಸಲು ಹೊರಟಾಗ, ಇಲ್ಲಿಯ ನಾಟಾದ ಬಗ್ಗೆ ಸತ್ಸುಮಾದ ಶಿಮಾಜು ದೊರೆಗಳನ್ನು ವಿಚಾರಿಸಲಾಯಿತು. ಆದರೆ ದೊಡ್ಡ ಪ್ರಮಾಣದ ಕಡಿತಕ್ಕೆ ದಾರಿ ತೆರೆದವರು ಹೊರಗಿನವರಲ್ಲ. ದ್ವೀಪದ ಅನ್ಬೋ ಊರಿನಲ್ಲೇ 1570ರಲ್ಲಿ ಹುಟ್ಟಿದ ತೋಮಾರಿ ಜೋಚಿಕು ಎಂಬ ವಿದ್ವಾಂಸ. ಮೊದಲು ಬೌದ್ಧ ಭಿಕ್ಷು, ಆಮೇಲೆ ಕನ್ಫ್ಯೂಶಿಯಸ್ ಶಾಸ್ತ್ರದ ಪಂಡಿತ, ಶಿಮಾಜು ಅರಸರ ಆಸ್ಥಾನದಲ್ಲಿದ್ದವರು. ಮುಪ್ಪಿನಲ್ಲಿ ಊರಿಗೆ ಮರಳಿ ಬಂದು ನೋಡಿದರೆ ಗದ್ದೆ ಇಲ್ಲದ ಊರು, ಅಕ್ಕಿಯ ಕಂದಾಯ ಹೊರಲಾಗದ ಜನ. ಮರ ಕಡಿದು ಬದುಕಬಹುದೆಂದರೆ ಕೊಡಲಿ ಎತ್ತುವವರೇ ಇಲ್ಲ.

ಆಗ ಅವರು ಒಬ್ಬರೇ ಬೆಟ್ಟಕ್ಕೆ ಹೋಗಿ ದೇವರ ಅಪ್ಪಣೆ ಕೇಳಿ ಬಂದರೆಂದು ಊರಿನವರು ಇಂದಿಗೂ ಹೇಳುತ್ತಾರೆ. ಕಡಿಯಬೇಕೆಂದಿರುವ ಮರಕ್ಕೆ ಸಂಜೆ ಕೊಡಲಿ ಒರಗಿಸಿಟ್ಟು ಬನ್ನಿ. ಬೆಳಿಗ್ಗೆ ಅದು ಬಿದ್ದಿದ್ದರೆ ದೇವರಿಗೆ ಒಪ್ಪಿಗೆಯಿಲ್ಲ, ನಿಂತೇ ಇದ್ದರೆ ಕಡಿಯಬಹುದು. ಇದು ಅವರು ತಂದ ಅಪ್ಪಣೆ. 1640ರ ಸುಮಾರಿಗೆ ಕಡಿತ ನಡೆಯತೊಡಗಿತು. ಜೋಚಿಕು 1655ರಲ್ಲಿ ತೀರಿಕೊಂಡರು. ಅನ್ಬೋದಲ್ಲಿ ಅವರ ಹೆಸರಿನ ಗುಡಿ ಇದೆ. ಕಾಡನ್ನು ಕೊಡಲಿಗೆ ಒಪ್ಪಿಸಿದವರನ್ನು ದೇವರಾಗಿ ಪೂಜಿಸುವುದೇ ಎಂದು ಬಾವ ಕೇಳಿದರು. ಹೊಟ್ಟೆಗಿಲ್ಲದವರಿಗೆ ಅನ್ನದ ದಾರಿ ತೋರಿದವರು ಅವರು. ನಾನಾಗಿದ್ದರೂ ಕೈಮುಗಿಯುತ್ತಿದ್ದೆ, ಅಲ್ಲಿಗೆ ಹೋದಾಗ ಮುಗಿದೂ ಬಂದೆ.

ಇನ್ನು ಕಸುಬಿನ ಮಾತು. ಅಷ್ಟು ದಪ್ಪದ ದಿಮ್ಮಿಯನ್ನು ಆ ಕಡಿದಾದ ಕಣಿವೆಗಳಿಂದ ಇಳಿಸಲು ಸಾಧ್ಯವಿರಲಿಲ್ಲ. ಹಾಗಾಗಿ ಉರುಳಿಸಿದ ಜಾಗದಲ್ಲೇ ತುಂಡು ಮಾಡಿ, ಹಿರಾಗಿಗೆ ಸೀಳಿ, ಕಟ್ಟು ಕಟ್ಟಿ, ಬೆನ್ನ ಮೇಲೆ ಹೊತ್ತು ಇಳಿಸುತ್ತಿದ್ದರು. ಗರಗಸದಲ್ಲಿ ಕೊಯ್ದ ಹಲಗೆಯಲ್ಲಿ ಎಳೆ ತುಂಡಾಗಿರುತ್ತದೆ, ನೀರು ಒಳಗಿಳಿಯುತ್ತದೆ. ಬೆಣೆ ಹೊಡೆದು ಸೀಳಿದರೆ ಎಳೆಯ ಜೊತೆಜೊತೆಗೇ ಬಿರಿಯುತ್ತದೆ, ನೀರು ಮೇಲಿಂದಲೇ ಜಾರಿ ಹೋಗುತ್ತದೆ. ಆದರೆ ಹಾಗೆ ಸೀಳಬೇಕಾದರೆ ಮರ ನೆಟ್ಟಗಿರಬೇಕು, ಎಳೆ ತಿರುಚಿರಬಾರದು, ಗಂಟು ಇರಬಾರದು. ಅದಕ್ಕಾಗಿ ಮೊದಲು ಕಾಂಡದಲ್ಲೊಂದು ಕಚ್ಚು ಹಾಕಿ ಎಳೆ ಹೇಗೆ ಬರುತ್ತದೆಂದು ಪರೀಕ್ಷಿಸುತ್ತಿದ್ದರು. ಸರಿ ಕಾಣದಿದ್ದರೆ ಅಲ್ಲಿಗೇ ಬಿಟ್ಟು ಮುಂದಿನ ಮರಕ್ಕೆ ಹೋಗುತ್ತಿದ್ದರು. ಆ ಹಳೆಯ ಕಚ್ಚನ್ನು ಮೈಮೇಲೆ ಇಟ್ಟುಕೊಂಡೇ ಬದುಕಿರುವ ಮರಗಳು ಈಗಲೂ ಇವೆ.

ಶಿರಾತಾನಿ ಕಣಿವೆಗೆ ಎಲ್ಲರೂ ಹೋಗುತ್ತಾರೆ. ಮಿಯಾಝಾಕಿಯವರ 1997ರ 'ಪ್ರಿನ್ಸೆಸ್ ಮೊನೊನೊಕೆ' ಚಿತ್ರದ ಕಾಡಿಗೆ ಸ್ಫೂರ್ತಿ ಸಿಕ್ಕಿದ್ದು ಅಲ್ಲಿಂದ ಎಂಬ ಕಾರಣಕ್ಕೆ. ಅಲ್ಲಿ ಕಾಲಡಿ ಬರುವ ಕುಸುಗಾವಾ ದಾರಿಯ ಕಡೆ ಗಮನ ಕೊಡುವವರು ಕಡಿಮೆ. ಕಂದಾಯಕ್ಕೆ ಹಿರಾಗಿ ಕಟ್ಟುತ್ತಿದ್ದ ಎದೋ ಕಾಲದಲ್ಲಿ ಅದನ್ನು ಇಳಿಸುವುದಕ್ಕೆಂದು ಕಲ್ಲು ಹಾಸಿ ಮಾಡಿದ ದಾರಿ ಅದು. ದೊಡ್ಡ ಕಲ್ಲಿನ ಪಕ್ಕ ಸಣ್ಣ ಕಲ್ಲು ಬಿಗಿಯಾಗಿ ಕೂರಿಸಿ, ಹೊರೆ ಹೊತ್ತವನ ಪಾದಕ್ಕೆ ಮೆಟ್ಟಿಲಾಗುವಂತೆ ಮಾಡಿದ್ದಾರೆ. ಅಷ್ಟು ಮಳೆಗೂ ಕಿತ್ತುಹೋಗಿಲ್ಲ. ಆ ದಾರಿಯ ಪಕ್ಕದ ಒಂದು ಬುಡದ ಹತ್ತಿರ ನಾನು ಬಹಳ ಹೊತ್ತು ನಿಂತಿದ್ದೆ. ಕೊಯ್ದ ಜಾಗ ನನ್ನ ತಲೆಗಿಂತ ಮೇಲಿತ್ತು. ಬುಡದ ಹತ್ತಿರ ಬೇರು ಹರಡಿ ಎಳೆ ಕೆಟ್ಟಿರುವುದರಿಂದ ಅವರು ಅಟ್ಟಣಿಗೆ ಕಟ್ಟಿಕೊಂಡು, ಕಾಂಡ ನೆಟ್ಟಗಾಗುವ ಎತ್ತರದಲ್ಲಿ ಕೊಡಲಿ ಹಾಕುತ್ತಿದ್ದರು. ಮೈತುಂಬ ಪಾಚಿ. ಒಂದು ಕಡೆ ಪಾಚಿ ಜಾರಿದ್ದಲ್ಲಿ ಮರ ಇನ್ನೂ ಗಟ್ಟಿಯಾಗಿಯೇ ಇತ್ತು. ಆ ಬುಡದ ನೆತ್ತಿಯ ಮೇಲೆ ಬೀಜ ಬಿದ್ದು ಮೊಳೆತ ಇನ್ನೊಂದು ಸುಗಿ, ಹಳೆಯ ಬುಡವನ್ನು ಬೇರಿನಿಂದ ತಬ್ಬಿ ಇಳಿದು ನೆಲ ಮುಟ್ಟಿತ್ತು. ಎರಡು ಕೈಯಲ್ಲಿ ತಬ್ಬಿದರೂ ಹಿಡಿಗೆ ಸಿಗದಷ್ಟು ದಪ್ಪ. ದೊಡ್ಡ ಮರ ಉರುಳಿ ಬಿಸಿಲು ನೆಲಕ್ಕೆ ಬಿದ್ದಾಗ ಮೊಳೆತ ಪೀಳಿಗೆ ಅದು. ಈಗ ಪ್ರವಾಸಿಗರು ಆದಿಕಾಲದ ಕಾಡೆಂದು ಫೋಟೋ ತೆಗೆಯುವ ಎಷ್ಟೋ ಸುಗಿಗಳು ಹೀಗೆ ಕಡಿತದ ಬೆನ್ನಿಗೇ ಹುಟ್ಟಿದವು. ಎದೋ ಕಾಲ ಮುಗಿಯುವ ಹೊತ್ತಿಗೆ ಯಕುಸುಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಕೊಡಲಿಗೆ ಹೋಗಿದ್ದವೆಂದು ಅಂದಾಜು.

ಉಳಿದವು ಹಿರಾಗಿಗೆ ಬಾರದವು. ಎಲ್ಲರೂ ನೋಡಲು ಹೋಗುವ ಜೋಮೊನ್ ಸುಗಿಯೇ ಅದಕ್ಕೆ ಸಾಕ್ಷಿ. ಎತ್ತರ 25.3 ಮೀಟರ್, ಸುತ್ತಳತೆ 16.4 ಮೀಟರ್, ವಯಸ್ಸು ಎರಡು ಸಾವಿರ ವರ್ಷಕ್ಕೂ ಮೇಲೆ. ಮೈಯೆಲ್ಲ ಗಂಟು, ಉಬ್ಬು, ತಿರುಚು. ನಮ್ಮ ಡಿಪೋಗೆ ಬಂದಿದ್ದರೆ ಸೌದೆಯ ಲಾಟಿಗೆ ಹಾಕುತ್ತಿದ್ದೆವು. ಊರಿನ ಅಧಿಕಾರಿಯೊಬ್ಬರು ಇದನ್ನು 1966ರಲ್ಲಿ ಗುರುತಿಸಿದ ಮೇಲೆ ಹೊರಜಗತ್ತಿಗೆ ಗೊತ್ತಾಯಿತು. ಅದೇ ದಾರಿಯಲ್ಲಿ ವಿಲ್ಸನ್ ಬುಡ ಸಿಗುತ್ತದೆ. ಅಮೆರಿಕದ ಆರ್ನಾಲ್ಡ್ ಸಸ್ಯೋದ್ಯಾನದ ಅರ್ನೆಸ್ಟ್ ವಿಲ್ಸನ್ 1914ರಲ್ಲಿ ಬಂದು ದಾಖಲಿಸಿದ್ದರಿಂದ ಆ ಹೆಸರು. ಸುತ್ತಳತೆ 13.8 ಮೀಟರ್, ಒಳಗೆ ಟೊಳ್ಳು. ಟೊಳ್ಳಿನೊಳಗೆ ಒಂದು ಪುಟ್ಟ ಗುಡಿ, ಒಂದು ಒರತೆ. ಹಿದೆಯೋಶಿಯ ಮಂದಿರಕ್ಕೆ ಕಡಿದದ್ದು ಇದನ್ನೇ ಎಂಬುದು ಪ್ರತೀತಿ.

ಎದೋ ಕಾಲ ಮುಗಿದು ಮೇಜಿ ಸರ್ಕಾರ ಬಂದು ಭೂಕಂದಾಯ ಬದಲಾದಾಗ ಬೆಟ್ಟದ ಬಹುಭಾಗ ಸರ್ಕಾರದ ಸ್ವತ್ತಾಯಿತು. ತಲೆತಲಾಂತರದಿಂದ ಕಾಡಿನಲ್ಲಿ ದುಡಿದವರು ರಾತ್ರೋರಾತ್ರಿ ಕಳ್ಳರೆನಿಸಿಕೊಂಡರು. 1904ರಲ್ಲಿ ದ್ವೀಪದವರು ಸರ್ಕಾರದ ಮೇಲೆ ದಾವೆ ಹೂಡಿದರು, 1920ರಲ್ಲಿ ಸೋತರು. ಆದರೆ ಆ ಹೋರಾಟ ವ್ಯರ್ಥವಾಗಲಿಲ್ಲ. ಮರುವರ್ಷ ಸರ್ಕಾರ ಒಂದು ಒಪ್ಪಂದಕ್ಕೆ ಬಂದು, ಊರಿಗೆ ಹತ್ತಿರದ ಸುಮಾರು 7,000 ಹೆಕ್ಟೇರ್ ಕಾಡನ್ನು ಜನರ ಸೌದೆ, ಇದ್ದಿಲಿನ ಬಳಕೆಗೆ ಬಿಟ್ಟಿತು. ಯಕುಶಿಮಾದವರು ಅದನ್ನು ತಮ್ಮ ಸಂವಿಧಾನ ಎಂದೇ ಕರೆಯುತ್ತಾರೆ. ಕಾಡಿನ ಹಕ್ಕಿಗಾಗಿ ಕಚೇರಿ ಅಲೆದವರನ್ನು ಕಂಡ ನನಗೆ ಆ ಹೆಸರಿನ ತೂಕ ಗೊತ್ತು.

ಒಳಗಿನ ಕಾಡಿಗೆ ಮಾತ್ರ ರೈಲು ಬಂತು. ಅನ್ಬೋದಿಂದ ಕೊಸುಗಿದಾನಿಯ ತನಕ, ಸುಮಾರು 16 ಕಿ.ಮೀ., 1923ರಲ್ಲಿ. ಕೊಸುಗಿದಾನಿಯಲ್ಲಿ ಕಡಿಯುವವರ ಊರೇ ಎದ್ದಿತು. 1960ರಲ್ಲಿ 540 ಜನ, ಮಕ್ಕಳಿಗೆ ಶಾಲೆ. ಅಷ್ಟು ಹೊತ್ತಿಗೆ ಯಂತ್ರದ ಗರಗಸ ಬಂದಿತ್ತು. ಕೊಡಲಿಯ ಕಾಲದಲ್ಲಿ ಆರಿಸಿ ಕಡಿಯುತ್ತಿದ್ದ ಜಾಗದಲ್ಲಿ ಈಗ ಇಡೀ ಇಳಿಜಾರು ಬೋಳಾಯಿತು, ಸುಗಿಯಲ್ಲದ ಮರಗಳು ಕಾಗದದ ತಿರುಳಿಗೆ ಹೋದವು. ಇನ್ನೂರು ವರ್ಷದ ಕೊಡಲಿಯನ್ನು ತಡೆದುಕೊಂಡ ಕಾಡಿಗೆ ಹತ್ತಿಪ್ಪತ್ತು ವರ್ಷದ ಈ ಯಂತ್ರ ಹೆಚ್ಚಾಯಿತು. ಊರು 1970ರಲ್ಲಿ ಖಾಲಿಯಾಯಿತು. ಹೊರಗೆ ದುಡಿಯಲು ಹೋಗಿ ಮರಳಿದ ದ್ವೀಪದ ಮಕ್ಕಳೇ 70ರ ದಶಕದಲ್ಲಿ ಕಡಿತ ನಿಲ್ಲಿಸಿ ಎಂದು ಎದ್ದು ನಿಂತರು. ಆ ಮಾತು ಕೂಲಿ ಕಳೆದುಕೊಳ್ಳುವ ಅಣ್ಣತಮ್ಮಂದಿರ ಎದುರೇ ಹೇಳಬೇಕಾಗಿತ್ತು. 1993ರ ಡಿಸೆಂಬರ್‌ನಲ್ಲಿ ಯಕುಶಿಮಾ ವಿಶ್ವಪರಂಪರೆಯ ಪಟ್ಟಿ ಸೇರಿತು. ಕಡಿತ ನಿಂತ ಮೇಲೆ ಕರಕುಶಲದವರು ಕೆಲಸಕ್ಕೆ ಬಳಸಿದ್ದು ಎದೋ ಕಾಲದವರು ಬಿಟ್ಟುಹೋದ ಬುಡ, ತುಂಡುಗಳನ್ನು. ಮಳೆಯಲ್ಲಿ ಅಷ್ಟು ಕಾಲ ಬಿದ್ದಿದ್ದರೂ ಕೆತ್ತಿದರೆ ರಾಳದ ಘಮ ಬರುತ್ತದೆ.

ಬಾವನಿಗೆ ನನ್ನ ಸಲಹೆ ಇಷ್ಟು. ಮೇ ಮೊದಲ ವಾರದ ಜಪಾನೀ ರಜೆಗಳು ಮುಗಿದ ಮೇಲೆ, ಜೂನ್‌ನ ಮಳೆ ಹಿಡಿಯುವ ಮೊದಲು ಹೋಗಿ. ಕಾಗೋಶಿಮಾದಿಂದ ವೇಗದ ದೋಣಿಯೂ ಇದೆ, ಆದರೆ ನಾಲ್ಕು ಗಂಟೆಯ ದೊಡ್ಡ ಹಡಗು ಹತ್ತಿ. ಬೆಟ್ಟ ಸಮುದ್ರದಿಂದ ಎದ್ದು ಬರುವುದನ್ನು ಡೆಕ್ಕಿನ ಮೇಲೆ ನಿಂತು ನೋಡಬಹುದು. ಮೊದಲು ಕುಸುಗಾವಾದ ಕಲ್ಲುದಾರಿ. ಆಮೇಲೆ ಅನ್ಬೋದಲ್ಲಿ ಜೋಚಿಕು ಗುಡಿ ಮತ್ತು ಯಕುಸುಗಿ ಸಂಗ್ರಹಾಲಯ. 2005ರ ಹಿಮದ ಭಾರಕ್ಕೆ ಮುರಿದುಬಿದ್ದ ಜೋಮೊನ್ ಸುಗಿಯ ಕೊಂಬೆಯನ್ನು ಅಲ್ಲಿ ಇಟ್ಟಿದ್ದಾರೆ. ಕಾಡಿನಲ್ಲಿ ಆ ಮರವನ್ನು ಅಟ್ಟಣಿಗೆಯಿಂದ ದೂರ ನಿಂತು ನೋಡಬೇಕು, ಇಲ್ಲಿ ಕೊಂಬೆಯ ಉಂಗುರಗಳನ್ನು ಹತ್ತಿರದಿಂದ ನೋಡಬಹುದು. ಸಂಜೆ ನಾಗಾತಾ ಕಡಲತೀರಕ್ಕೆ, ಕಡಲಾಮೆ ಮೊಟ್ಟೆಯಿಡುವ ಕಾಲ ಅದು. ಅಲ್ಲಿಯವರ ಜೊತೆಗೇ ಹೋಗಬೇಕು, ಟಾರ್ಚು ಹಾಕಬಾರದು. ಊರೂರಿನ ಜನ ವರ್ಷಕ್ಕೆರಡು ಸಲ ಕಡಲತೀರದ ಮರಳನ್ನು ಹೊತ್ತು ಬೆಟ್ಟದ ತುದಿಯ ಗುಡಿಗೆ ಒಪ್ಪಿಸಿ, ಶಕುನಾಗೆ ಹೂವಿನ ಟೊಂಗೆ ತಂದು ಊರಿಗೆ ಹಂಚುತ್ತಿದ್ದ ಪದ್ಧತಿ ಕೆಲವು ಕಡೆ ಈಗಲೂ ನಡೆಯುತ್ತದೆ. ಅದನ್ನು ಅಕ್ಕನಿಗೆ ಹೇಳಿದಾಗ, ಮರಳು ಎಲ್ಲಿಂದ ಎತ್ತುತ್ತಾರೋ ಆ ಜಾಗವನ್ನೂ ತೋರಿಸಲು ಹೇಳು ಎಂದಳು.

ಜೋಮೊನ್ ಸುಗಿಗೆ ಹೋಗಿಬರಲು 22 ಕಿ.ಮೀ., ಹತ್ತು ಗಂಟೆ. ಬಾವ ಹೋಗಲಿ. ಅಕ್ಕನ ಮಂಡಿಗೆ ಅದು ಆಗದು. ಅವಳು ನಡಿಗೆ ಶುರುವಾಗುವ ಅರಾಕಾವಾದಿಂದ ಹಳೆಯ ರೈಲು ಹಳಿಯ ಮೇಲೆ ಒಂದು ಗಂಟೆ ನಡೆದು ಕೊಸುಗಿದಾನಿಯ ತನಕ ಹೋಗಲಿ. ದಾರಿ ಸಮತಟ್ಟು. ಶಾಲೆಯ ಜಾಗ ಅಲ್ಲೇ ಇದೆ, ಬುತ್ತಿ ಬಿಚ್ಚಿ ಕೂರಬಹುದು. ಅರಾಕಾವಾಕ್ಕೆ ಮಾರ್ಚಿನಿಂದ ನವೆಂಬರ್ ತನಕ ಸ್ವಂತ ಕಾರು ಬಿಡುವುದಿಲ್ಲ, ನಸುಕಿನ ಬಸ್ಸಿನಲ್ಲೇ ಹೋಗಬೇಕು. ಹಾಗಾಗಿ ವಸತಿ ಅನ್ಬೋದಲ್ಲೇ ಮಾಡಿಕೊಳ್ಳಿ.