ತೆರಿಗೆ ಹೆತ್ತ ಕಾರು, ಜನ ಸಾಕಿದ ಕಾರು

ತೆರಿಗೆಯಿಂದ ತಪ್ಪಿಸಿಕೊಳ್ಳಲು ಮನುಷ್ಯ ಹುಡುಕಿದ ದಾರಿಗಳು ಒಂದೆರಡಲ್ಲ. ಹಿಂದೆ ಇಂಗ್ಲೆಂಡಿನ ಸರ್ಕಾರ ಕಿಟಕಿಗೆ ತೆರಿಗೆ ಹಾಕಿದಾಗ ಜನ ಇಟ್ಟಿಗೆ ಕಟ್ಟಿ ಕಿಟಕಿಗಳನ್ನೇ ಮುಚ್ಚಿಬಿಟ್ಟರು. ಹಳೆಯ ಮನೆಗಳಲ್ಲಿ ಆ ಕುರುಡು ಕಿಟಕಿಗಳು ಇಂದಿಗೂ ಕಾಣಸಿಗುತ್ತವೆ. ಅದೇ ದೇಶದಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಕಾರಿನ ಮೇಲೆ ಭಾರಿ ತೆರಿಗೆ ಬಿದ್ದಾಗ, ಕಾರನ್ನು ಬಿಡಿಬಿಡಿಯಾಗಿ ಪೆಟ್ಟಿಗೆಗೆ ತುಂಬಿ ಮಾರುವ ಉಪಾಯ ಬಲಿಯಿತು. ಕೊಂಡವನೇ ಮನೆಯಲ್ಲಿ ಜೋಡಿಸಿಕೊಳ್ಳುವ ಇಂಥ ಕಾರಿಗೆ ಕಿಟ್ ಕಾರು ಎನ್ನುತ್ತಾರೆ. ಅವುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಲೋಟಸ್ ಸೆವೆನ್.

ಇದರ ಜನಕ ಕಾಲಿನ್ ಚಾಪ್‌ಮನ್. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ಈತ 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಮಾರ್ಪಡಿಸಿ ತನ್ನ ಮೊದಲ ಕಾರು ಕಟ್ಟಿದ. 1952ರಲ್ಲಿ ಉತ್ತರ ಲಂಡನ್ನಿನ ಹಾರ್ನ್‌ಸಿಯಲ್ಲಿ, ತಂದೆ ನಡೆಸುತ್ತಿದ್ದ ಪಬ್ಬಿನ ಹಿಂದಿನ ಜಾಗದಲ್ಲಿ, ಲೋಟಸ್ ಕಂಪನಿ ಶುರುವಾಯಿತು. ಕಾರಿನಲ್ಲಿ ಬೇಡದ ಒಂದು ಗ್ರಾಂ ತೂಕವೂ ಇರಕೂಡದು ಎಂಬುದು ಚಾಪ್‌ಮನ್‌ನ ವ್ರತ.

ಯುದ್ಧಕಾಲದಲ್ಲಿ, 1940ರಲ್ಲಿ, ಅನಗತ್ಯ ಖರ್ಚಿಗೆ ಕಡಿವಾಣ ಹಾಕಲೆಂದು ಬ್ರಿಟನ್ ‘ಪರ್ಚೇಸ್ ಟ್ಯಾಕ್ಸ್’ ತಂದಿತ್ತು. ಯುದ್ಧ ಮುಗಿದರೂ ತೆರಿಗೆ ಮುಗಿಯಲಿಲ್ಲ. 1955ರ ಕೊನೆಯ ಹೊತ್ತಿಗೆ ಹೊಸ ಕಾರಿನ ಸಗಟು ಬೆಲೆಯ ಮೇಲೆ ಅದು ಶೇಕಡ 60ಕ್ಕೆ ಏರಿತು. ಆದರೆ ಈ ತೆರಿಗೆ ಇದ್ದದ್ದು ಪೂರ್ತಿ ತಯಾರಾದ ಕಾರಿಗೆ. ಬಿಡಿಭಾಗಗಳ ಪೆಟ್ಟಿಗೆಗೆ ಅದು ಅನ್ವಯಿಸುತ್ತಿರಲಿಲ್ಲ. 1957ರಲ್ಲಿ ಸೆವೆನ್ ಬಂದಾಗ ಜೋಡಿಸಿದ ಕಾರಿನ ಬೆಲೆ ತೆರಿಗೆ ಸೇರಿ 1036 ಪೌಂಡ್, ಕಿಟ್ ಆದರೆ 536 ಪೌಂಡ್. ಅರ್ಧಕ್ಕರ್ಧ! ಫೋರ್ಡ್ ಕಂಪನಿಯ 1172 ಸಿಸಿ ಎಂಜಿನ್, ಕೊಳವೆಗಳ ಹಂದರ, ಮೇಲೊಂದು ಅಲ್ಯೂಮಿನಿಯಂ ಹೊದಿಕೆ. ಬಾಗಿಲಿಲ್ಲ, ಗಟ್ಟಿ ಮಾಡಿಲ್ಲ. ಮಳೆ ಬಂದರೆ ನೆನೆಯುವುದೂ ಸವಾರಿಯ ಒಂದು ಭಾಗ ಅನ್ನಿ.

ಕಿಟ್ ಜೊತೆಗೆ ಜೋಡಿಸುವ ಸೂಚನೆ ಕೊಟ್ಟರೆ ಅದು ಕಾರು ಮಾರಿದಂತೆಯೇ ಎಂದು ತೆರಿಗೆಯವರು ತಕರಾರು ತೆಗೆದರಂತೆ. ಅದಕ್ಕೆ ಲೋಟಸ್‌ನವರು ಕಾರನ್ನು ಬಿಚ್ಚುವುದು ಹೇಗೆಂಬ ಸೂಚನೆ ಅಚ್ಚು ಹಾಕಿಸಿದರಂತೆ. ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡರಂತೆ! ಸೆವೆನ್ ಪ್ರಿಯರು ಎಲ್ಲಿ ನಾಲ್ಕು ಜನ ಸೇರಿದರೂ ಈ ಕಥೆ ಬಾರದೆ ಇರುವುದಿಲ್ಲ.

1967ರಲ್ಲಿ ‘ದಿ ಪ್ರಿಸನರ್’ ಎಂಬ ಟೀವಿ ಧಾರಾವಾಹಿಯ ಶೀರ್ಷಿಕೆ ದೃಶ್ಯದಲ್ಲಿ ನಾಯಕ ಪ್ಯಾಟ್ರಿಕ್ ಮೆಗೂಹನ್ ಸೆವೆನ್ ಓಡಿಸಿಕೊಂಡು ಬಂದು ಕಾರಿನ ಹೆಸರು ಮನೆಮಾತಾಯಿತು. ಆದರೆ ಅಪ್ಪನಿಗೆ ಮಗುವಿನ ಮೇಲೆ ಮೋಹ ಕಡಿಮೆಯಾಗತೊಡಗಿತ್ತು. ಲೋಟಸ್ ದುಬಾರಿ ಕಾರುಗಳ ಕಂಪನಿಯಾಗಬೇಕು, ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದವರ ಕಂಪನಿಯಾಗಿ ಉಳಿಯಬಾರದು ಎಂಬುದು ಚಾಪ್‌ಮನ್‌ನ ಆಸೆ. 1970ರಲ್ಲಿ ಬಂದ ಫೈಬರ್ ಗ್ಲಾಸ್ ಮೈಯ ನಾಲ್ಕನೆಯ ಸರಣಿ ಹಳೆಯ ಅಭಿಮಾನಿಗಳಿಗೆ ರುಚಿಸಲಿಲ್ಲ. 1973ರ ಏಪ್ರಿಲ್ 1ರಂದು ಪರ್ಚೇಸ್ ಟ್ಯಾಕ್ಸ್ ಹೋಗಿ ವ್ಯಾಟ್ ಬಂತು. ಕಿಟ್ಟಿಗಿದ್ದ ತೆರಿಗೆಯ ಲಾಭ ಮಾಯವಾಯಿತು. ಅದೇ ವರ್ಷ ಲೋಟಸ್ ಸೆವೆನ್‌ನ ಹಕ್ಕುಗಳನ್ನು ಮಾರಿಬಿಟ್ಟಿತು.

ಲೆಕ್ಕಾಚಾರದ ಪ್ರಕಾರ ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಹುಟ್ಟಿಗೆ ಕಾರಣವಾದ ತೆರಿಗೆಯೇ ಇಲ್ಲ. ಹೆತ್ತ ಕಂಪನಿಯೇ ಕೈಬಿಟ್ಟಿದೆ. ಮುಗಿಯಲಿಲ್ಲ. ಏಕೆಂದರೆ ಹದಿನೈದು ವರ್ಷಗಳಲ್ಲಿ ಯಾರೂ ಯೋಜಿಸದ ಸಂಗತಿಯೊಂದು ನಡೆದುಹೋಗಿತ್ತು. ತೆರಿಗೆ ಉಳಿಸಲೆಂದು ಸ್ಪ್ಯಾನರ್ ಹಿಡಿದವನಿಗೆ, ತಾನೇ ಕಟ್ಟಿದ ಕಾರು ಮೊದಲ ಸಲ ಗುಟುರು ಹಾಕಿ ಚಾಲೂ ಆದಾಗಿನ ಸುಖದ ರುಚಿ ಹತ್ತಿತ್ತು. ಆ ರುಚಿಗೆ ತೆರಿಗೆಯ ಹಂಗಿರಲಿಲ್ಲ.

ಹಕ್ಕು ಕೊಂಡವರು ಸರೆ ಪ್ರಾಂತ್ಯದ ಕೇಟರ್‌ಹ್ಯಾಮ್ ಊರಿನಲ್ಲಿ ಲೋಟಸ್ ಕಾರು ಮಾರುತ್ತಿದ್ದ ಗ್ರಹಾಂ ನಿಯರ್ನ್. ಪ್ರಿಸನರ್ ಧಾರಾವಾಹಿಯ ಕೊನೆಯ ಕಂತಿನಲ್ಲಿ ಕಾರು ತಂದೊಪ್ಪಿಸುವ ಚಿಕ್ಕ ಪಾತ್ರದಲ್ಲಿ ಕಾಣಿಸಿಕೊಂಡವರು ಇವರೇ. ನಾಲ್ಕನೆಯ ಸರಣಿಯ ಉಳಿದ ಸಾಮಾನು ಖರ್ಚಾಗುವವರೆಗೆ ಅದನ್ನೇ ಕಟ್ಟಿ, 1974ರಲ್ಲಿ ಜನ ಮೆಚ್ಚಿದ್ದ ಮೂರನೆಯ ಸರಣಿಗೆ ಮರಳಿದರು. ಅಂದಿನಿಂದ ಸೆವೆನ್‌ಗೆ ಕೇಟರ್‌ಹ್ಯಾಮ್ ಎಂಬ ಹೊಸ ಮನೆತನದ ಹೆಸರು ಬಂತು.

ಮಾಲೀಕರ ಲೋಟಸ್ ಸೆವೆನ್ ಕ್ಲಬ್ ಹುಟ್ಟಿದ್ದು 1984ರಲ್ಲಿ. ಅಂದರೆ ಲೋಟಸ್ ಈ ಕಾರನ್ನು ಬಿಟ್ಟು ಹನ್ನೊಂದು ವರ್ಷ, ಚಾಪ್‌ಮನ್ ತೀರಿಕೊಂಡು ಎರಡು ವರ್ಷ ಆದ ಮೇಲೆ. ಬಿಟ್ಟುಹೋದ ತಂದೆಯ ಹೆಸರನ್ನೇ ಮಕ್ಕಳು ಇಟ್ಟುಕೊಂಡಂತೆ. ‘ಲೋ ಫ್ಲೈಯಿಂಗ್’ ಎಂಬ ತನ್ನದೇ ಪತ್ರಿಕೆ, ಊರೂರಿನ ಘಟಕಗಳು, ಪಬ್ಬಿನ ಕೂಟಗಳು ಕ್ಲಬ್ಬಿಗಿವೆ. ಕಿಟ್ ಕಾರಿಗೆ ಇಂಥ ಸಂಘ ಬರೀ ಶೋಕಿಯಲ್ಲ. ಅಂಗಡಿಯಿಂದ ತಂದ ಕಾರು ಕೆಟ್ಟರೆ ಕಂಪನಿಯ ಮೆಕ್ಯಾನಿಕ್ ಇದ್ದಾನೆ. ಕೈಯಾರೆ ಕಟ್ಟಿದ್ದು ಕೆಟ್ಟರೆ, ಅಂಥದ್ದೇ ಕಟ್ಟಿದ ಇನ್ನೊಬ್ಬನನ್ನೇ ಕೇಳಬೇಕು. 1998ರಿಂದ ಸರ್ಕಾರ ಇಂಥ ಕಾರುಗಳನ್ನು ಒಂದೊಂದಾಗಿ ಪರೀಕ್ಷಿಸತೊಡಗಿತು. ಚೂಪಾದ ಅಂಚು ಕಂಡರೂ ಫೇಲು! ಮೊದಲು ಪಾಸಾದವನು ಮುಂದಿನವನಿಗೆ ಮೇಷ್ಟರಾಗುವುದು ಇಲ್ಲಿನ ಪದ್ಧತಿ.

ಮೇಷ್ಟರೆಂದರೆ ನಿಜವಾದ ಮೇಷ್ಟರೊಬ್ಬರು ನೆನಪಾಗುತ್ತಾರೆ. 1996ರಲ್ಲಿ ರಾನ್ ಚಾಂಪಿಯನ್ ಎಂಬ ಶಾಲಾ ಶಿಕ್ಷಕರು 250 ಪೌಂಡಿನಷ್ಟು ಕಡಿಮೆ ಹಣದಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವುದನ್ನು ವಿವರಿಸಿ ಪುಸ್ತಕ ಬರೆದರು. ಗುಜರಿಗೆ ಹೋಗಬೇಕಾದ ಹಳೆಯ ಫೋರ್ಡಿನ ಭಾಗಗಳು, ಚೌಕ ಕೊಳವೆ, ವೆಲ್ಡಿಂಗ್ ಯಂತ್ರ ಇದ್ದರೆ ಸೆವೆನ್ ಹೋಲುವ ಕಾರು ಸಿದ್ಧ. ಇವುಗಳಿಗೆ ‘ಲೋಕಾಸ್ಟ್’ ಎಂಬ ಹೆಸರೇ ನಿಂತಿತು. ಓದುಗನ ಕೈಯಲ್ಲಿ ಪುಸ್ತಕವೊಂದು ಅಕ್ಷರಶಃ ಚಲಿಸತೊಡಗಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಈ ನಡುವೆ ಕಂಪನಿ ಕೈ ಬದಲಾಯಿಸುತ್ತಲೇ ಬಂತು. 2005ರಲ್ಲಿ ನಿಯರ್ನ್ ಕುಟುಂಬ ಮಾರಿತು. 2011ರಲ್ಲಿ ಮಲೇಷ್ಯಾದ ಟೋನಿ ಫರ್ನಾಂಡಿಸ್ ಕೊಂಡರು. ಅವರ ಫಾರ್ಮುಲಾ ಒನ್ ತಂಡ 2014ರಲ್ಲಿ ಮುಳುಗಿದರೂ ಸೆವೆನ್ ತೇಲಿತು. 2021ರಲ್ಲಿ, ಜಪಾನಿನಲ್ಲಿ ಇದೇ ಕಾರನ್ನು ಮಾರುತ್ತಿದ್ದ ವಿಟಿ ಹೋಲ್ಡಿಂಗ್ಸ್ ಒಡೆಯನಾಯಿತು. ಆ ದೇಶದ ಪುಟ್ಟ ಕಾರುಗಳ ತೆರಿಗೆ ರಿಯಾಯಿತಿಗೆ ಹೊಂದುವಂತೆ 660 ಸಿಸಿ ಸುಜುಕಿ ಎಂಜಿನ್ನಿನ ಸೆವೆನ್ ಅದಕ್ಕೂ ಮೊದಲೇ ಬಂದಿತ್ತು. ಹುಟ್ಟುಗುಣ ಎಲ್ಲಿಗೆ ಹೋದೀತು?

ಈಗಿರುವ ಪ್ರಶ್ನೆ ತೆರಿಗೆಯದಲ್ಲ, ಪೆಟ್ರೋಲಿನದು. ಕಂಪನಿ 2023ರಲ್ಲಿ ಬ್ಯಾಟರಿಯಿಂದ ಓಡುವ ಸೆವೆನ್‌ನ ಮಾದರಿಯೊಂದನ್ನು ತೋರಿಸಿತು. ತೂಕ ಇಳಿಸುವುದೇ ಧರ್ಮವಾದ ಕಾರು ಬ್ಯಾಟರಿಯ ಭಾರ ಹೊರಬೇಕು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು: ನೂರಾರು ವೋಲ್ಟಿನ ವಿದ್ಯುತ್ತನ್ನು ಮನೆಯ ಗ್ಯಾರೇಜಿನಲ್ಲಿ ಹವ್ಯಾಸಿಯ ಕೈಗೆ ಯಾರು ಕೊಡುತ್ತಾರೆ? ವೇಗ ಉಳಿದೀತು, ಆಕಾರವೂ ಉಳಿದೀತು. ಜೋಡಿಸುವ ಹಕ್ಕು ಹೋದರೆ ಉಳಿದದ್ದನ್ನು ಸೆವೆನ್ ಎನ್ನಬಹುದೇ?

ನಮ್ಮಲ್ಲಿ ಹಳೆಯ ಕಾವ್ಯಗಳು ಉಳಿದದ್ದು ಬರೆದ ಕವಿಯೊಬ್ಬನಿಂದಲೇ ಅಲ್ಲ. ಅರಸೊತ್ತಿಗೆಗಳು ಬಂದುಹೋದರೂ, ಗೆದ್ದಲು ಹಿಡಿದ ಓಲೆಯನ್ನು ಹೊಸ ಓಲೆಗೆ ಇಳಿಸಿದ ಹೆಸರಿಲ್ಲದ ಲಿಪಿಕಾರರಿಂದ ಉಳಿದವು. ಸೆವೆನ್ ಎಂಬ ಕಾರನ್ನೂ ಉಳಿಸಿದವರು ಅಂಥವರೇ. ಚಾಪ್‌ಮನ್ ಬರೆದು ಬಿಟ್ಟ. ಗ್ಯಾರೇಜುಗಳಲ್ಲಿ ಕೈಗೆ ಗ್ರೀಸು ಮೆತ್ತಿಕೊಂಡವರು ಅದನ್ನು ಮತ್ತೆ ಮತ್ತೆ ನಕಲು ಮಾಡಿದರು.