ಅಟ್ಟದ ಮೇಲಿನ ಬಲಿಪೀಠ

ಈ ತಿಂಗಳು ನಿಮ್ಮನ್ನು ದೂರದ ಗಡಿನಾಡಿನ ಒಂದು ಸಂತೆಯೂರಿಗೆ ಕರೆದೊಯ್ಯಬೇಕೆಂದಿದ್ದೇನೆ. ಊರಿನ ಹೆಸರು ಅಬರ್‌ಗವೆನ್ನಿ. ವೇಲ್ಸ್ ನಾಡಿನಲ್ಲಿ, ಇಂಗ್ಲೆಂಡಿನ ಎಲ್ಲೆಯಿಂದ ಕೆಲವೇ ಮೈಲಿಗಳ ದೂರದಲ್ಲಿ, ಗವೆನ್ನಿ ಎಂಬ ತೊರೆಯು ಅಸ್ಕ್ ನದಿಯನ್ನು ಕೂಡುವೆಡೆ ಅದು ನೆಲೆಸಿದೆ. ವೇಲ್ಸ್ ಭಾಷೆಯಲ್ಲಿ ‘ಅಬರ್’ ಎಂದರೆ ನದೀಮುಖ. ರೋಮನ್ನರು ಇಲ್ಲಿ ಸೈನ್ಯದ ಠಾಣೆ ಕಟ್ಟಿದ್ದರು. ನಾರ್ಮನ್ನರು ಕೋಟೆಯನ್ನೂ ಬೆನೆಡಿಕ್ಟ್ ಸಭೆಯ ಮಠವನ್ನೂ ಸ್ಥಾಪಿಸಿದರು. ಆಮೇಲೆ ಕುರಿಯ ಉಣ್ಣೆ, ಚರ್ಮ, ಬಟ್ಟೆಗಳ ವ್ಯಾಪಾರ ಬೆಳೆಯಿತು. ಜಾನುವಾರುಗಳ ಸಂತೆ 2013ರಲ್ಲಿ ಊರಿನಾಚೆಗೆ ಸ್ಥಳಾಂತರಗೊಂಡರೂ ಮಂಗಳವಾರದ ಸಂತೆ ಇಂದಿಗೂ ನಡೆಯುತ್ತದೆ. 1870ರಲ್ಲಿ ಕಟ್ಟಿದ ಮಾರುಕಟ್ಟೆಯ ಹಸಿರು ಬಣ್ಣದ ಗೋಪುರವು ದೂರದಿಂದಲೇ ದಾರಿಹೋಕರಿಗೆ ಕಾಣಿಸುತ್ತದೆ.

ಗಡಿನಾಡಿನ ಚರಿತ್ರೆ ಎಂದಿಗೂ ಸುಖದ ಚರಿತ್ರೆಯಲ್ಲ. 1175ರ ಕ್ರಿಸ್ಮಸ್ ಕಾಲದಲ್ಲಿ ಇಲ್ಲಿಯ ಕೋಟೆಯ ಒಡೆಯನಾದ ವಿಲಿಯಂ ದ ಬ್ರಿಯೋಸ್ ಎಂಬಾತನು ನೆರೆಯ ವೇಲ್ಸ್ ನಾಯಕರನ್ನು ಸಂಧಾನದ ನೆಪದಲ್ಲಿ ಕೋಟೆಗೆ ಕರೆಸಿ ಕೊಲ್ಲಿಸಿದನು. ಶಾಂತಿಯ ಪ್ರಭು ಜನಿಸಿದ ಹಬ್ಬದಲ್ಲೇ ಈ ದ್ರೋಹ ನಡೆಯಿತು. ಆ ಕೋಟೆ ಇಂದು ಪಾಳುಬಿದ್ದಿದೆ. ಆದರೆ ನಾನು ನಿಮಗೆ ತೋರಿಸಬಯಸುವುದು ಕೋಟೆಯನ್ನಲ್ಲ, ಮಾರುಕಟ್ಟೆಯ ಬೀದಿಯಲ್ಲೇ ಇರುವ ಒಂದು ಹಳೆಯ ಮನೆಯನ್ನು. ಅದಕ್ಕೆ ‘ಗಂಟರ್ ಮನೆ’ ಎಂದು ಹೆಸರು.

ಆ ಮನೆಯ ಕಥೆಗೆ ಮುನ್ನ ಕಾಲದ ಸ್ಥಿತಿಯನ್ನು ನೆನೆಯಬೇಕು. 16ನೆಯ ಶತಮಾನದಲ್ಲಿ ಇಂಗ್ಲೆಂಡಿನ ಅರಸರು ರೋಮಿನ ಧರ್ಮಸಭೆಯಿಂದ ಬೇರ್ಪಟ್ಟರು. ಮಠಗಳು ಮುಚ್ಚಿದವು. 1585ರ ಕಾನೂನಿನ ಪ್ರಕಾರ, ಹೊರದೇಶದಲ್ಲಿ ಯಾಜಕದೀಕ್ಷೆ ಪಡೆದು ಈ ರಾಜ್ಯಕ್ಕೆ ಮರಳುವುದೇ ರಾಜದ್ರೋಹವೆನಿಸಿತು, ಅದಕ್ಕೆ ಮರಣದಂಡನೆ. ಹಿಂಸೆ ಒಂದೇ ಕಡೆಯದಾಗಿರಲಿಲ್ಲ ಎಂಬುದನ್ನು ನಾವು ಮರೆಮಾಚಬಾರದು. ಕಥೋಲಿಕ ರಾಣಿ ಮೇರಿಯ ಆಳ್ವಿಕೆಯಲ್ಲಿ, 1555ರಲ್ಲಿ, ಕಾರ್ಡಿಫ್ ಪಟ್ಟಣದ ರಾಲಿನ್ಸ್ ವೈಟ್ ಎಂಬ ಬಡ ಬೆಸ್ತನನ್ನು ಪ್ರೊಟೆಸ್ಟೆಂಟ್ ವಿಶ್ವಾಸಕ್ಕಾಗಿ ಸುಟ್ಟುಹಾಕಲಾಗಿತ್ತು.

ಕಾನೂನು ಕಠಿಣವಾಗಿದ್ದರೂ ಗಡಿನಾಡಿನಲ್ಲಿ ಅದು ಸಡಿಲವಾಗಿ ನಡೆಯುತ್ತಿತ್ತು. ರಾಜಧಾನಿ ದೂರ, ಬೆಟ್ಟ ಕಣಿವೆಗಳು ಹತ್ತಿರ. ಒಂದು ಕೌಂಟಿಯ ನ್ಯಾಯಾಧಿಕಾರಿಯ ಮಾತು ಮನ್ನೋ ನದಿಯ ಆಚೆಯ ಕೌಂಟಿಯಲ್ಲಿ ನಡೆಯುತ್ತಿರಲಿಲ್ಲ. ಆ ನದಿಯ ಬಳಿಯೇ, ಹೆರಿಫರ್ಡ್ ಸೀಮೆಯ ಕೂಮ್ ಎಂಬಲ್ಲಿ, ಯೇಸುಸಭೆಯ ಗುರುಗಳು ತೋಟದ ಮನೆಯೊಂದನ್ನು ತಮ್ಮ ನೆಲೆಯಾಗಿ ಮಾಡಿಕೊಂಡಿದ್ದರು. ಅಲ್ಲಿಂದ ಗಡಿಯ ಎರಡೂ ಬದಿಯ ಹಳ್ಳಿಗಳಿಗೆ ನಡೆದು ಹೋಗಿ ಬಲಿಪೂಜೆ ಅರ್ಪಿಸುತ್ತಿದ್ದರು.

ಅಬರ್‌ಗವೆನ್ನಿಯಲ್ಲಿ ಅವರಿಗೆ ಆಶ್ರಯ ದೊರೆತದ್ದು ಥಾಮಸ್ ಗಂಟರ್ ಎಂಬ ಗೃಹಸ್ಥರ ಮನೆಯಲ್ಲಿ. ಮನೆಯ ಮೇಲಿನ ಅಟ್ಟವನ್ನೇ ಅವರು ಪ್ರಾರ್ಥನಾಲಯವಾಗಿಸಿದ್ದರು. ಛಾವಣಿಯ ಇಳಿಜಾರು ಗೋಡೆಯ ಮೇಲೆ ಯೇಸುನಾಮದ ಲಾಂಛನವನ್ನು ಬರೆಸಿದ್ದರು. ಕ್ರಾಮ್‌ವೆಲ್ಲನ ಕಠಿಣ ಕಾಲದಲ್ಲೇ ಮನೆಯಲ್ಲಿ ಯಾಜಕರನ್ನು ಇರಿಸಿಕೊಂಡಿದ್ದೆ, ಈಗಲೂ ಇರಿಸಿಕೊಳ್ಳುತ್ತೇನೆ ಎಂದು ಗಂಟರ್ ಅವರು ಊರಿನ ಪ್ರೊಟೆಸ್ಟೆಂಟ್ ಪಾದ್ರಿಗೇ ನೇರವಾಗಿ ಹೇಳಿದ್ದರಂತೆ. ಆ ಅಟ್ಟದಿಂದ ನೂರು ಜನ ಇಳಿದು ಬರುವಾಗ ಊರಿನ ಚರ್ಚಿನಿಂದ ಹೊರಬರುತ್ತಿದ್ದವರು ನಲವತ್ತು ಮಂದಿಯೂ ಇರಲಿಲ್ಲ ಎಂದು ಆಮೇಲೆ ವಿರೋಧಿಗಳೇ ಸಾಕ್ಷಿ ನುಡಿದರು.

ವಾಚಕರೇ, ಈ ಮಾತಿನಲ್ಲಿ ಅಡಗಿರುವ ಅರ್ಥವನ್ನು ಗಮನಿಸಿ. ನೂರು ಜನ ಸಂತೆಬೀದಿಯ ಮನೆಯೊಂದನ್ನು ಹತ್ತಿ ಇಳಿಯುವುದು ಗುಟ್ಟಾಗಿ ಉಳಿಯಬಲ್ಲುದೇ? ಎದುರು ಮನೆಯವರಿಗೆ ಗೊತ್ತಿತ್ತು. ಅಂಗಡಿಯವರಿಗೆ ಗೊತ್ತಿತ್ತು. ಆದರೂ ವರ್ಷಗಟ್ಟಲೆ ಆ ಮನೆಗೆ ಕೇಡು ತಟ್ಟಲಿಲ್ಲ. ಒಂದು ಕುಟುಂಬದ ಧೈರ್ಯ, ನೆರೆಹೊರೆಯವರ ಸಜ್ಜನಿಕೆಯ ಮೌನ, ಇವೆರಡೂ ಕೂಡಿ ಆ ಬಲಿಪೀಠವನ್ನು ಕಾಪಾಡಿದವು.

1678ರಲ್ಲಿ ಆ ಮೌನ ಒಡೆಯಿತು. ಟೈಟಸ್ ಓಟ್ಸ್ ಎಂಬಾತನು ಲಂಡನ್ನಿನಲ್ಲಿ, ಕಥೋಲಿಕರು ಅರಸನನ್ನು ಕೊಲ್ಲಲು ಸಂಚು ಹೂಡಿದ್ದಾರೆಂದು ಕಥೆ ಕಟ್ಟಿದನು. ಅದು ಶುದ್ಧ ಸುಳ್ಳು. ಆದರೂ ದೇಶಕ್ಕೆ ದೇಶವೇ ಅದನ್ನು ನಂಬಿತು. ಸುಳ್ಳು ಸುದ್ದಿ ಗಡಿನಾಡಿಗೂ ಬಂದು ಮುಟ್ಟಿತು. ಜಾನ್ ಆರ್ನಲ್ಡ್ ಎಂಬ ನ್ಯಾಯಾಧಿಕಾರಿ ಯಾಜಕರ ಬೇಟೆಗೆ ಇಳಿದನು. ಫಿಲಿಪ್ ಇವಾನ್ಸ್ ಎಂಬ ತರುಣ ಯೇಸುಸಭೆಯ ಗುರುವನ್ನು ಹಿಡಿದುಕೊಟ್ಟವರಿಗೆ 200 ಪೌಂಡ್ ಬಹುಮಾನ ಘೋಷಿಸಿದನು. ಕೂಮ್ ಮನೆಯ ಮೇಲೆ ದಾಳಿ ನಡೆಯಿತು. ಅಲ್ಲಿ ಸಿಕ್ಕ ಗ್ರಂಥಗಳನ್ನು ಹೆರಿಫರ್ಡಿನ ಆಂಗ್ಲಿಕನ್ ಪ್ರಧಾನಾಲಯಕ್ಕೆ ಸಾಗಿಸಿದರು.

ಆಗ ಸಿಕ್ಕಿಬಿದ್ದವರಲ್ಲಿ ಈ ಊರಿನ ಮಗನೇ ಆದ ಡೇವಿಡ್ ಲೂಯಿಸ್ ಒಬ್ಬರು. 1616ರಲ್ಲಿ ಅಬರ್‌ಗವೆನ್ನಿಯಲ್ಲಿ ಹುಟ್ಟಿದವರು. ತಂದೆ ಅಲ್ಲಿಯ ಶಾಲೆಯ ಮುಖ್ಯೋಪಾಧ್ಯಾಯರು, ತಾಯಿ ಕಥೋಲಿಕಳು. ಮಗ ಮಾತ್ರ ಪ್ರೊಟೆಸ್ಟೆಂಟನಾಗಿಯೇ ಬೆಳೆದು, ಲಂಡನ್ನಿನಲ್ಲಿ ಕಾನೂನು ಓದಿ, ಆಮೇಲೆ ಕಥೋಲಿಕ ವಿಶ್ವಾಸಕ್ಕೆ ಬಂದರು. ರೋಮಿನಲ್ಲಿ 1642ರಲ್ಲಿ ಯಾಜಕದೀಕ್ಷೆ ಪಡೆದು 1645ರಲ್ಲಿ ಯೇಸುಸಭೆಯನ್ನು ಸೇರಿದರು. ಅದೇ ದಶಕದ ಕೊನೆಯಲ್ಲಿ ಅದೇ ಸಭೆಯ ಲಿಯೊನಾರ್ಡೊ ಚಿನ್ನಮಿ ಎಂಬ ಗುರುಗಳು ನಮ್ಮ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರೆಂಬುದು ನಿಮಗೆ ತಿಳಿದದ್ದೇ. ಒಬ್ಬರು ಪರನಾಡಿನಲ್ಲಿ ಹೊಸ ಭಾಷೆ ಕಲಿತರು. ಇನ್ನೊಬ್ಬರು ತಾಯ್ನಾಡಿನಲ್ಲೇ ಕಳ್ಳನಂತೆ ಕತ್ತಲಲ್ಲಿ ನಡೆದರು. ಮೂವತ್ತು ವರ್ಷಗಳಷ್ಟು ಕಾಲ ಬಡವರ ನಡುವೆ ಓಡಾಡಿದ ಲೂಯಿಸ್ ಅವರನ್ನು ಜನ ‘ಬಡವರ ತಂದೆ’ ಎಂದು ಕರೆದರು.

1678ರ ನವೆಂಬರ್ 17ರಂದು ಬಲಿಪೂಜೆಗೆ ಸಿದ್ಧರಾಗುತ್ತಿದ್ದಾಗ ಅವರನ್ನು ಬಂಧಿಸಿದರು. ಹಿಂದೆ ಅವರ ಸೇವೆಯಲ್ಲಿದ್ದವನೇ ಅವರ ವಿರುದ್ಧ ಸಾಕ್ಷಿ ಹೇಳಿದನು. ಲಂಡನ್ನಿಗೆ ಕರೆದೊಯ್ದು, ಸಂಚಿನ ವಿವರ ಹೇಳಿದರೆ ಪ್ರಾಣ ಉಳಿಯುವುದೆಂದು ಆಸೆ ತೋರಿಸಿದರು. ಇಲ್ಲದ ಸಂಚನ್ನು ಹೇಳುವುದೆಂತು? 1679ರ ಆಗಸ್ಟ್ 27ರಂದು ಅಸ್ಕ್ ಪಟ್ಟಣದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಗಲ್ಲಿನ ಬಳಿ ಸೇರಿದ್ದ ಜನ, ಅವರಲ್ಲಿ ಪ್ರೊಟೆಸ್ಟೆಂಟರೂ ಇದ್ದರು, ಅವರ ಪ್ರಾಣ ಹೋಗುವ ತನಕ ದೇಹಕ್ಕೆ ಕತ್ತಿ ತಾಗಿಸಕೂಡದೆಂದು ತಡೆದರೆಂದು ಹೇಳುತ್ತಾರೆ.

ಅದಕ್ಕೆ ಐದು ದಿನ ಮುಂಚೆ, ಗಡಿಯಾಚೆಯ ಹೆರಿಫರ್ಡಿನಲ್ಲಿ, ಎಂಬತ್ತು ವರ್ಷದ ಜಾನ್ ಕೆಂಬಲ್ ಎಂಬ ಯಾಜಕರ ಮರಣದಂಡನೆ ನಡೆದಿತ್ತು. ಅವರು 1625ರಿಂದ ಅದೇ ಸೀಮೆಯ ಹಳ್ಳಿಗಳಲ್ಲಿ ಸೇವೆ ಸಲ್ಲಿಸಿದವರು. ಓಡಿಹೋಗಿರೆಂದು ಹಿತೈಷಿಗಳು ಬೇಡಿಕೊಂಡರೂ, ಉಳಿದಿರುವ ಆಯುಷ್ಯವೇ ಸ್ವಲ್ಪ ಎಂದು ನಿರಾಕರಿಸಿದರು. ಅವರನ್ನು ಬಂಧಿಸಿದ ಸ್ಕುಡಮೋರ್ ಎಂಬ ಅಧಿಕಾರಿಯ ಹೆಂಡತಿ ಮಕ್ಕಳೇ ಕಥೋಲಿಕರು. ಕೆಂಬಲರ ಕೈಯಿಂದಲೇ ಪರಮಪ್ರಸಾದ ಸ್ವೀಕರಿಸುತ್ತಿದ್ದವರು. ಗಲ್ಲಿಗೆ ಹೋಗುವ ಮುನ್ನ ಪ್ರಾರ್ಥನೆ ಮುಗಿಸಲು ಅವಕಾಶ ಕೇಳಿದ ಗುರುಗಳು, ಆಮೇಲೆ ಅಧಿಕಾರಿಯೊಡನೆ ಕುಳಿತು ಒಂದು ಲೋಟ ಪಾನೀಯ ಕುಡಿದು ಚುಟ್ಟಾಕೊಳವೆ ಸೇದಿದರಂತೆ. ಅಳುತ್ತಿದ್ದ ಗಲ್ಲುಗಾರನನ್ನು ಅವರೇ ಸಂತೈಸಿದರೆಂಬುದು ಆ ಸೀಮೆಯ ಜನರ ನೆನಪು. ಅವರ ಸಮಾಧಿಯ ಬಳಿ ಪ್ರಾರ್ಥಿಸುವಾಗ ಅದೇ ಸ್ಕುಡಮೋರನ ಹೆಂಡತಿಗೆ ಹೋಗಿದ್ದ ಕಿವಿ ಮರಳಿ ಕೇಳಿಸಿತೆಂದೂ ಹೇಳುತ್ತಾರೆ. ಫಿಲಿಪ್ ಇವಾನ್ಸ್ ಅವರು ಜಾನ್ ಲಾಯ್ಡ್ ಎಂಬ ಯಾಜಕರೊಡನೆ ಜುಲೈ 22ರಂದೇ ಕಾರ್ಡಿಫಿನಲ್ಲಿ ಪ್ರಾಣ ತೆತ್ತಿದ್ದರು. 1970ರ ಅಕ್ಟೋಬರ್ 25ರಂದು ಪೋಪ್ ಆರನೆಯ ಪೌಲರು ಈ ನಾಲ್ವರನ್ನೂ ಒಳಗೊಂಡ ನಲವತ್ತು ಮಂದಿ ರಕ್ತಸಾಕ್ಷಿಗಳನ್ನು ಸಂತರೆಂದು ಸಾರಿದರು.

ಊರಿನಿಂದ ಈಶಾನ್ಯಕ್ಕೆ ನೋಡಿದರೆ ಸ್ಕಿರಿಡ್ ಬೆಟ್ಟ ಕಾಣುತ್ತದೆ. ಅದರ ಒಂದು ಪಕ್ಕ ಸೀಳಿ ಕುಸಿದಿದೆ. ಪ್ರಭು ಶಿಲುಬೆಯ ಮೇಲೆ ಪ್ರಾಣಬಿಟ್ಟ ಗಳಿಗೆಯಲ್ಲಿ ಅದು ಸೀಳಿತೆಂದು ಹಳಬರ ನಂಬಿಕೆ. ಅದಕ್ಕೇ ಅದು ‘ಪವಿತ್ರ ಬೆಟ್ಟ’. ತುದಿಯಲ್ಲಿ ಸಂತ ಮಿಖಾಯೇಲರ ಗುಡಿಯಿತ್ತು. ಅವರ ಹಬ್ಬದಂದು ಅಲ್ಲಿಗೆ ಯಾತ್ರೆ ಹೋಗುವವರಿಗೆ 1676ರಲ್ಲಿ ಪೋಪ್ ಹತ್ತನೆಯ ಕ್ಲೆಮೆಂಟರು ಪರಿಪೂರ್ಣ ಪಾಪದಂಡ ವಿಮೋಚನೆಯನ್ನು ದಯಪಾಲಿಸಿದ್ದರು. ಗುಡಿಯ ಬಾಗಿಲಿನ ಎರಡು ಕಲ್ಲುಗಳು ಇಂದಿಗೂ ಗಾಳಿಗೆ ಮೈಯೊಡ್ಡಿ ನಿಂತಿವೆ.

ಗಂಟರ್ ಮನೆ ಏನಾಯಿತು? ಕಾಲಕ್ರಮದಲ್ಲಿ ಅದು ಅಂಗಡಿಗಳಾಗಿ ಹಂಚಿಹೋಯಿತು. ಅಟ್ಟವನ್ನು ಜನ ಮರೆತರು. 20ನೆಯ ಶತಮಾನದ ಆರಂಭದಲ್ಲಿ ದುರಸ್ತಿ ನಡೆದಾಗ, ಮೂರು ಜ್ಞಾನಿಗಳು ಬಾಲಯೇಸುವನ್ನು ಆರಾಧಿಸುವ ಚಿತ್ರ ಅಲ್ಲಿ ಬೆಳಕಿಗೆ ಬಂದಿತು. ಇತ್ತೀಚಿನ ವರ್ಷಗಳಲ್ಲಿ ಹಳೆಯ ಕಟ್ಟಡಗಳನ್ನು ಸಂರಕ್ಷಿಸುವ ಸಂಸ್ಥೆಯೊಂದು ಮನೆಯ ಜೀರ್ಣೋದ್ಧಾರವನ್ನು ಕೈಗೊಂಡಿದೆ. ಲೂಯಿಸರ ಸಮಾಧಿ ಅಸ್ಕಿನಲ್ಲಿಯೂ ಕೆಂಬಲರದು ವೆಲ್ಷ್ ನ್ಯೂಟನ್ ಎಂಬ ಹಳ್ಳಿಯಲ್ಲಿಯೂ ಇವೆ. ಎರಡೂ ಆಂಗ್ಲಿಕನ್ ಚರ್ಚುಗಳ ಅಂಗಳದಲ್ಲಿ. ಕಥೋಲಿಕ ಯಾತ್ರಿಕರು ಅಲ್ಲಿಗೆ ಹೋಗಿ ಮೊಣಕಾಲೂರುತ್ತಾರೆ. ಕೊಂದವರ ಮತ್ತು ಸತ್ತವರ ಮಕ್ಕಳು ಈಗ ಒಂದೇ ಅಂಗಳದಲ್ಲಿ ನಿಂತು ಪ್ರಾರ್ಥಿಸಬಲ್ಲರು.

ವಾಚಕರೇ, ನಮ್ಮ ದೇವಾಲಯಗಳ ಬಾಗಿಲು ಇಂದು ತೆರೆದಿವೆ. ಗಂಟೆ ಧಾರಾಳವಾಗಿ ಮೊಳಗುತ್ತದೆ. ಅದು ಕೃಪೆ. ಆದರೆ ವಿಶ್ವಾಸವು ದೇವಾಲಯದಲ್ಲಿ ಮಾತ್ರವೇ ಇದ್ದು ಮನೆಯಲ್ಲಿ ಇಲ್ಲದಿದ್ದರೆ, ಬಾಗಿಲು ಮುಚ್ಚಿದ ದಿನ ಏನು ಉಳಿದೀತು? ಸಂಜೆಯ ಜಪಸರಕ್ಕೆ ಎಲ್ಲರೂ ಕೂಡುವ ಆ ಮೂಲೆಯೇ ನಿಮ್ಮ ಮನೆಯ ಅಟ್ಟ. ಇನ್ನೊಂದು ಮಾತು. ಆ ಊರನ್ನು ಕೆಡಿಸಿದ್ದು ಸೈನ್ಯವಲ್ಲ, ಒಂದು ಸುಳ್ಳು ಸುದ್ದಿ. ನೆರೆಯವರ ಕುರಿತು ಕೇಳಿದ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ಮುನ್ನ, ಅವರು ಯಾವ ಧರ್ಮದವರೇ ಆಗಿರಲಿ, ಅಬರ್‌ಗವೆನ್ನಿಯನ್ನು ಒಮ್ಮೆ ನೆನೆಯೋಣ. ಸಂತ ಡೇವಿಡ್ ಲೂಯಿಸ್, ಸಂತ ಜಾನ್ ಕೆಂಬಲ್, ನಮ್ಮ ಮನೆಗಳಿಗಾಗಿಯೂ ನಮ್ಮ ನೆರೆಹೊರೆಗಾಗಿಯೂ ಪ್ರಾರ್ಥಿಸಿರಿ.